ಹಳೇ ಬೆಳ್ಳಿ ಮಾರಾಕ ಹೋಗೂ ಮುಂಚೆ ತೂಕ, ಟಂಚ್, ರೇಟ್ ಮೂರೂ ಬ್ಯಾರೆ ಬ್ಯಾರೆ ಕೇಳ್ರಿ

ಹೋದ ವರ್ಷ ಬೋರ್ ಕೊರಸೂದಿತ್ತು, ರೊಕ್ಕ ಸಾಲಲಿಲ್ಲ, ಅವ್ವ ತಾನಾ ಟ್ರಂಕ್ ತಗದು ತನ್ನ ಕಾಲ್ಕಡಗ ಕೈಯಾಗ ಕೊಟ್ಲು. ಅವನ್ನ ಮಾರೂದ್ರಾಗ ಕಲ್ತಿದ್ದನ್ನ ಇಲ್ಲಿ ಬರೀತೀನಿ, ಯಾಕಂದ್ರ ಬಂಗಾರ ಮಾರಾಕ ಹೋದಾಗ ನಾಕು ಅಂಗಡಿ ತಿರುಗೋ ಮಂದಿ ಬೆಳ್ಳಿ ಅಂದ್ರ ಮೊದಲನೇ ಅಂಗಡ್ಯಾಗ ಕೊಟ್ಟು ಬಂದುಬಿಡ್ತಾರ.

ಅಂಗಡಿಯವರು ಕಾಟಾದ ಮ್ಯಾಲೆ ಇಟ್ಟು, ಕ್ಯಾಲ್ಕುಲೇಟರ್ ಒತ್ತಿ, ಒಂದು ನಂಬರ್ ತೋರಿಸ್ತಾರ. ಆ ಒಂದ ನಂಬರಿನ್ಯಾಗ ಮೂರು ಲೆಕ್ಕ ಅಡಗಿರ್ತಾವ್ರಿ. ಬೆಳ್ಳಿ ನಿಜವಾಗಿ ಎಷ್ಟು ತೂಕ ಐತಿ, ಅದರಾಗ ಅಪ್ಪಟ ಬೆಳ್ಳಿ ನೂರಕ್ಕ ಎಷ್ಟು (ಇದಕ್ಕ ಟಂಚ್ ಅಂತಾರ), ಇವತ್ತು ಗ್ರಾಂಗೆ ಏನ್ ರೇಟ್ ಕೊಡ್ತಾರ. ಮೂರನ್ನೂ ಬಿಡಿಸಿ ಹೇಳ್ರಿ ಅಂತ ಕೇಳಬೇಕು, ಒಂದು ಚೀಟಿ ಮ್ಯಾಲೆ ಬರಸ್ಕೋಬೇಕು.

ನಮ್ಮದಾ ಲೆಕ್ಕ ಹೇಳ್ತೀನಿ. ರೇಟ್ ದಿನಾ ಬದಲಾಗ್ತೈತಿ, ಅದಕ್ಕ ಇಲ್ಲಿ ತಿಳಿಯಾಕ ಸುಲಭ ಆಗ್ಲಿ ಅಂತ ಅಪ್ಪಟ ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಹಿಡೀತೀನಿ. ಕಡಗದ ಜೋಡಿ ತೂಕ 412 ಗ್ರಾಂ. ಮೊದಲನೇ ಅಂಗಡಿಯವರು "ಒಳಗ ಅರಗು ಐತಿ ತಮ್ಮಾ, 82 ಗ್ರಾಂ ಕಟ್, ಟಂಚ್ 65 ಬರ್ತೈತಿ, ಆದ್ರ ರೇಟ್ ನಿಮಗ ಪೂರ್ತಿ ಕೊಡ್ತೀನಿ" ಅಂದ್ರು (ಅರಗು ಅಂದ್ರ ಟೊಳ್ಳು ಕಡಗದೊಳಗ ತುಂಬೂ ಅಂಟು). ಅಂದ್ರ 330 ಗ್ರಾಂ, ಅದರಾಗ ಅಪ್ಪಟ 214 ಗ್ರಾಂ ಮ್ಯಾಲೆ ಸ್ವಲ್ಪ, 21,450 ರೂಪಾಯಿ. ಪೂರ್ತಿ ರೇಟ್ ಅನ್ನೋ ಮಾತಿಗೆ ನಾನು ಮರುಳಾಗಿ ಕೊಟ್ಟಾ ಬಿಡ್ತಿದ್ದೆ, ಅವ್ವ "ಕರಗಿಸಿ ನೋಡಿದ್ರನು? ಸುಮ್ನ ಬಾಯಿಲೇ ಹೇಳಿದ್ರ ಹೆಂಗ" ಅಂದು ಕಡಗ ಸೆರಗಿನ್ಯಾಗ ಕಟ್ಟಿಕೊಂಡು ಎದ್ದಬಿಟ್ಲು.

ಎರಡನೇದ್ದು ಒಬ್ಬ ಹಳೇ ಪತ್ತಾರರ ಅಂಗಡಿ. ನಮ್ಮ ಮುಂದನಾ ಮೂಸ್ಯಾಗ (ಲೋಹ ಕರಗಿಸೂ ಬಟ್ಟಲದಾಗ) ಹಾಕಿ ಬರ್ನರ್ ಹಚ್ಚಿದ್ರು, ಅರಗು ಸುಟ್ಟು ಕರೇ ಹೊಗಿ ಎದ್ದು ಅಂಗಡಿ ತುಂಬಾ ಘಾಟು ವಾಸ್ನಿ, ಬಿಳಿಗಾರ (ಬೋರಾಕ್ಸ್ ಪುಡಿ) ಉದುರಿಸಿದ ಮ್ಯಾಲೆ ಕಸ ಎಲ್ಲಾ ಒಂದು ಕಡೆ ಸರದು ಒಳಗ ಬೆಳ್ಳಿ ಕನ್ನಡಿ ಹಂಗ ತಿರುಗಾಕತ್ತು. ಅಪ್ಪಟ ಬೆಳ್ಳಿ ಕರಗೂದು ಸುಮಾರು 962 ಡಿಗ್ರಿಗೆ. ಅಚ್ಚಿಗೆ ಹೊಯ್ದು ಆರಿಸಿ ತೂಗಿದ್ರ 371 ಗ್ರಾಂ, ಗಟ್ಟಿಯಿಂದ ಚೂರು ತಗದು ಟೆಸ್ಟ್ ಮಾಡಿದ್ರ ಟಂಚ್ 78. ಅಪ್ಪಟ 289 ಗ್ರಾಂ ಮ್ಯಾಲೆ. ಅವರು ಗ್ರಾಂಗೆ 3 ರೂಪಾಯಿ ಕಡಿಮಿನಾ ಹಿಡಿದ್ರು, ಆದ್ರೂ 28,070 ಬಂತು. ಅದಾ ಕಡಗ, 6,620 ರೂಪಾಯಿ ಫರಕ್! ಕರಗಿಸಿದ ಮ್ಯಾಲೆ ಮಾಲು ವಾಪಸ್ ಒಯ್ಯೂ ಹಕ್ಕು ನಮಗ ಐತಿ, ಕರಗಿಸೂ ಕೂಲಿ ಕೊಟ್ರ ಆತು. ಇದನ್ನ ಬೆಂಕಿ ಹಚ್ಚೂ ಮುಂಚೆನಾ ಮಾತಾಡ್ಕೊಳ್ರಿ.

ಮಷೀನ್ ಟೆಸ್ಟ್ ಬಗ್ಗೆ ಒಂದು ಮಾತು. ಎಕ್ಸ್‌ಆರ್‌ಎಫ್ ಮಷೀನು (ಎಕ್ಸ್-ರೇ ಬಿಟ್ಟು ಲೋಹ ಗುರ್ತಿಸೂದು) ಮ್ಯಾಲಿನ ಪದರ ಅಷ್ಟಾ ಓದ್ತೈತಿ, ಮ್ಯಾಲೆ ಬೆಳ್ಳಿ ನೀರು ಕೊಟ್ಟ ಸಾಮಾನಾದ್ರ ಹೆಚ್ಚು ತೋರಸ್ತೈತಿ, ಬೆಸುಗೆ ಇದ್ದ ಜಾಗದಾಗ ಹಿಡಿದ್ರ ಕಡಿಮಿ ತೋರಸ್ತೈತಿ. ಕರಗಿಸಿದ ಗಟ್ಟಿ ಮ್ಯಾಲೆ ಮಾಡಿದ್ದಾ ಖರೆ. ಮನ್ಯಾಗಿನ ಜರ್ಮನ್ ಸಿಲ್ವರ್ ತಟ್ಟಿ ಲೋಟ ತಗೊಂಡು ಹೋಗಬ್ಯಾಡ್ರಿ, ಅದು ತಾಮ್ರ, ನಿಕಲ್, ಸತು, ಬೆಳ್ಳಿ ಒಂದು ಗುಂಜಿನೂ ಇರಂಗಿಲ್ಲ. ಕರ್ರಗಾದ ಬೆಳ್ಳಿ ತಿಕ್ಕೂದೂ ಬ್ಯಾಡ, ಹೊಳಪಿಗೆ ಯಾರೂ ರೊಕ್ಕ ಕೊಡಂಗಿಲ್ಲ, ತಿಕ್ಕಿದಷ್ಟೂ ಬೆಳ್ಳಿನಾ ಸವೀತೈತಿ.

ಅಂಗಡಿಯವರಿಗೆ ಲಾಭ ಎಲ್ಲಿಂದ ಅಂತೀರಾ? ಕೊಳ್ಳೂ ರೇಟಿಗೂ ಮಾರೂ ರೇಟಿಗೂ ಇರೂ ಫರಕ್ ಒಂದು, ಅದು ನ್ಯಾಯವಾದ ಲಾಭ, ಅಂಗಡಿ ಬಾಡಿಗಿ, ಕೆಲಸಗಾರ್ರ ಪಗಾರ ಅದರಾಗಾ ನಡೀಬೇಕು. ಬೆಳ್ಳಿ ರೇಟ್ ಮುಂಜಾನಿ ಒಂದಿದ್ರ ಮಧ್ಯಾಹ್ನ ಇನ್ನೊಂದು, ಕೊಂಡ ಮಾಲು ರಿಫೈನರಿಗೆ ಹೋಗೂದ್ರಾಗ ರೇಟ್ ಬಿದ್ರ ಅವರಿಗೆ ಲುಕ್ಸಾನು, ಹಿಂಗಾಗಿ ದೊಡ್ಡ ವ್ಯಾಪಾರಿಗಳು ಮುಂಗಡ ವ್ಯಾಪಾರದ ಪೇಟಿ ಎಂಸಿಎಕ್ಸ್‌ನ್ಯಾಗ ಅವತ್ತಾ ರೇಟ್ ಫಿಕ್ಸ್ ಮಾಡ್ಕೋತಾರ, ಸಣ್ಣವರು ಆ ಭಯಕ್ಕ ಒಂದಿಷ್ಟು ಕಡಿಮಿ ಹಿಡೀತಾರ. ಟಂಚ್ ಕಡಿಮಿ ಹೇಳಿ, ಅರಗಿನ ತೂಕ ಅಂದಾಜಿಲೇ ಕಟ್ ಮಾಡಿ ಉಳಿಸೂದು ಮಾತ್ರ ನಮ್ಮ ಕಣ್ಣಿಗೆ ಬೀಳದ ಲಾಭ. ಇನ್ನೊಂದು, ಎಕ್ಸ್‌ಚೇಂಜ್. ನಮ್ಮ ಹಳೇದನ್ನ 70 ಟಂಚಿನ ಲೆಕ್ಕಕ್ಕ ತಗೋತಾರ, ಅಷ್ಟಾ ಟಂಚಿನ ಹೊಸಾ ಕಾಲ್ಚೈನ್ ಕೊಡೂ ಮುಂದ ಮಾತ್ರ ಪೂರ್ತಿ ತೂಕಕ್ಕ ಅಪ್ಪಟ ಬೆಳ್ಳಿ ರೇಟ್ ಹಾಕ್ತಾರ, ಮ್ಯಾಲೆ ಮಜೂರಿ, ವೇಸ್ಟೇಜ್, 3 ಪರ್ಸೆಂಟ್ ಜಿಎಸ್‌ಟಿ. ಮಜೂರಿ, ಜಿಎಸ್‌ಟಿ ಅಂತ ಕೊಟ್ಟ ರೊಕ್ಕ ಮಾರೂ ಮುಂದ ಒಂದು ಪೈಸಾನೂ ವಾಪಸ್ ಬರಂಗಿಲ್ಲ. ಹೊಸಾದು ತಗೊಳ್ಳೂದಾದ್ರ ಹಾಲ್‌ಮಾರ್ಕ್ ಇದ್ದದ್ದ ತಗೊಳ್ರಿ, 925 ಅಂತ ಇದ್ರ ಸಾವಿರಕ್ಕ 925 ಪಾಲು ಬೆಳ್ಳಿ ಅಂತ ಅರ್ಥ.

ಹಳೇ ರೂಪಾಯಿ ಇದ್ರ ಮಾತ್ರ ಕರಗಿಸಾಕ ಕೊಡಬ್ಯಾಡ್ರಿ. ನಮ್ಮ ಕೊಪ್ಪಳ, ರಾಯಚೂರು ನಿಜಾಮರ ರಾಜ್ಯದಾಗಿದ್ದವು, ಹಿಂಗಾಗಿ ಇಲ್ಲಿ ಮನಿಗಳಾಗ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ಅನ್ನೋ ನಿಜಾಮರ ರೂಪಾಯಿ ಸಿಗ್ತಾವ, ಸುಮಾರು 11.2 ಗ್ರಾಂ, ಹಳೇವು ಟಂಚ್ 82 ಹತ್ರ. ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು, ಅಲ್ಲಿ ರಾಣಿ ವಿಕ್ಟೋರಿಯಾ ರೂಪಾಯಿ, 11.66 ಗ್ರಾಂ, ಟಂಚ್ 91.7. ಆದ್ರ 1940ರಿಂದ ಬಂದ ಜಾರ್ಜ್ ರಾಜನ ರೂಪಾಯ್ಯಾಗ ಅರ್ಧಾನಾ ಬೆಳ್ಳಿ, 1947ರದ್ದು ನಿಕಲ್. ಅಂಗಡ್ಯಾಗ ಎಲ್ಲಾನೂ ಒಂದಾ ಗುಡ್ಡಿ ಹಾಕಿ ತೂಗಾಕ ಹೋದ್ರ ಬಿಡಬ್ಯಾಡ್ರಿ, ಇಸವಿ ನೋಡಿ ನೀವಾ ಬ್ಯಾರೆ ಮಾಡಿ ಇಟ್ಟು, ನಾಣ್ಯ ಸಂಗ್ರಹ ಮಾಡೋರಿಗೆ ಒಮ್ಮೆ ತೋರಿಸ್ರಿ, ಕೆಲವು ಇಸವಿಗೆ ಬೆಳ್ಳಿ ಬೆಲಿಗಿಂತ ಹೆಚ್ಚು ಕೊಡ್ತಾರ.