ಬೆಂಗಳೂರು ಬಿಟ್ಟು ಕೊಪ್ಪಳಕ್ಕೆ ಬರುವ ಮುಂಚೆ

ಜನವರಿಯಲ್ಲಿ ಬಂದು ನೋಡಿ ನಿರ್ಧಾರ ಮಾಡಬೇಡಿ. ಜನವರಿಯಲ್ಲಿ ಗವಿಮಠದ ಜಾತ್ರೆ ಇರುತ್ತದೆ. ಬೆಳಗ್ಗೆ ಹಿತವಾದ ಚಳಿ, ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ. ಆಗ ಕೊಪ್ಪಳ ನೋಡಿದವರಿಗೆ ಬೆಂಗಳೂರಲ್ಲಿ ಯಾಕಾದರೂ ಇದ್ದೇವೋ ಅನಿಸುತ್ತದೆ. ನಾವೂ ಹಾಗೇ ಮೋಸ ಹೋದವರು. ತೇರಿನ ಮರುದಿನ ಮಠದ ಗುಡ್ಡದ ಮೇಲೆ ಕೂತು "ವಾಪಸ್ ಬಂದುಬಿಡೋಣ" ಅಂದವರು ನಮ್ಮ ಯಜಮಾನರು. ಏಪ್ರಿಲ್‌ನಲ್ಲಿ ಲಾರಿಯಿಂದ ಬೀರು ಇಳಿಸುವಾಗ "ಯಾಕ್ ಬಂದ್ವಿ?" ಅಂದವರೂ ಅವರೇ.

ಬರುವ ಆಲೋಚನೆ ಇದ್ದರೆ ಮೇ ತಿಂಗಳಲ್ಲಿ 15 ದಿನ ಬಂದಿರಿ. ಅದೂ ರಜೆ ಹಾಕದೆ. ಅಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಕೂತು ಮಾಡಿ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ನಾವು ಅದಕ್ಕಿಂತ ಸುಮಾರು 400 ಮೀಟರ್ ಕೆಳಗಿದ್ದೇವೆ. 40 ಡಿಗ್ರಿ ಬಿಸಿಲಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುವಾಗ ನಿಮಗೆ ತಲೆ ಓಡುತ್ತದಾ ಅಂತ ನೋಡಿಕೊಳ್ಳಿ.

ನಾನು ಬೆಂಗಳೂರಿನ ವಿಜಯನಗರದಲ್ಲಿ 14 ವರ್ಷ ಇದ್ದೆ. ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಆಮೇಲೆ ಊರಿಗೆ ಬಂದೆವು. ಹಾಗಾಗಿ ಮೊದಲು ದುಡ್ಡಿನ ಮಾತು.

ಎರಡು ಊರಿನ ಖರ್ಚು ಹೋಲಿಸುವಾಗ ಎಲ್ಲರೂ ಬಾಡಿಗೆ ಬರೆಯುತ್ತಾರೆ, ಹಾಲು ತರಕಾರಿ ಬರೆಯುತ್ತಾರೆ, ಸ್ಕೂಲ್ ಫೀಸ್ ಬರೆಯುತ್ತಾರೆ. ನಾನೂ ಬರೆದಿದ್ದೆ. ಬಾಡಿಗೆ ಅಲ್ಲಿ 17,000, ಇಲ್ಲಿ 6,500. ಅಡ್ವಾನ್ಸ್ ಅಲ್ಲಿ ಹತ್ತು ತಿಂಗಳದ್ದು, ಇಲ್ಲಿ 25,000. ಭಾರಿ ಉಳಿತಾಯ ಅಂತ ಖುಷಿಪಟ್ಟೆ. ಆದರೆ ಉಳಿದ ದುಡ್ಡು ಬ್ಯಾಂಕಿನಲ್ಲಿ ಕಾಣಲಿಲ್ಲ. ಎಲ್ಲಿ ಸೋರುತ್ತಿದೆ ಅಂತ ಆರು ತಿಂಗಳು ಹುಡುಕಿದೆ.

ಆಯೇರಿ, ಅಂದರೆ ಮದುವೆ-ಮುಂಜಿಗೆ ಕೊಡುವ ಉಡುಗೊರೆ. ನಾನು ಬರೆಯಲು ಮರೆತ ಸಾಲು ಅದು. ಬೆಂಗಳೂರಲ್ಲಿದ್ದಾಗ "ರಜೆ ಸಿಗಲಿಲ್ಲ ಅತ್ತಿ" ಅಂದರೆ ಊರಿನ ಮದುವೆ ನಮ್ಮ ಪಾಲಿಗೆ ಮುಗೀತಿತ್ತು. ಇಲ್ಲಿ ಮದುವೆಮನೆಯ ಹಲಗೆ ಸದ್ದು ನಮ್ಮ ಅಡುಗೆಮನೆಗೇ ಕೇಳುತ್ತದೆ, ಯಾವ ನೆಪ ಹೇಳುತ್ತೀರಿ? ಮೊದಲ ವರ್ಷ 11 ಮದುವೆ, ಮೂರು ಕುಬಸ (ಸೀಮಂತ), ನಾಲ್ಕು ಮನೆ ಶಾಂತಿ (ಗೃಹಪ್ರವೇಶ). ಪ್ರತಿಯೊಂದಕ್ಕೂ ಸೀರೆ, ಅಂಗಿಬಟ್ಟೆ ಇಲ್ಲವೇ ಕವರ್. ಎಷ್ಟು ಹಾಕಬೇಕು ಅಂತ ಅವ್ವನನ್ನು ಕೇಳಿದೆ. ಅವಳು ಕಪಾಟಿನಲ್ಲಿ ಪುಟಾಣಿ ಡಬ್ಬಿಯ ಹಿಂದೆ ಕೈಹಾಕಿ ನೂರು ಪುಟದ ಒಂದು ನೋಟ್‌ಬುಕ್ ತೆಗೆದಳು. ನನ್ನ ಮದುವೆಗೆ ಯಾರು ಏನು ಕೊಟ್ಟರು ಅನ್ನುವ ಪಟ್ಟಿ. ಹೆಸರು, ಊರು, 51 ರೂಪಾಯಿ, 101 ರೂಪಾಯಿ, ಸ್ಟೀಲ್ ಕೊಡ, ಇಳಕಲ್ ಸೀರೆ. ತಿರುಗಿ ಮುಟ್ಟಿಸಿದ್ದಕ್ಕೆಲ್ಲ ಪಕ್ಕದಲ್ಲಿ ಕೆಂಪು ಪೆನ್ನಿನ ಟಿಕ್. ಟಿಕ್ ಇಲ್ಲದ ಹೆಸರುಗಳ ಮೇಲೆ ಬೆರಳಿಟ್ಟು "ಇವು ನಿನ್ನ ಪಾಲಿಂದು" ಅಂದಳು. ಅಂಗಡಿಯವರು ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅವರು ಕಟ್ಟಬೇಕಾದ ತೆರಿಗೆಗೆ ಹೊಂದಿಸುವುದರಲ್ಲೇ ಜೀವನ ಸವೆಸಿದ ನಾನು ಇಷ್ಟು ಅಚ್ಚುಕಟ್ಟಾದ ಲೆಕ್ಕ ಎಲ್ಲೂ ನೋಡಿರಲಿಲ್ಲ. ತಿಂಗಳಿಗೆ 3,000 ಇದಕ್ಕೇ ಅಂತ ಎತ್ತಿಡಿ. ಮದುವೆ ಸೀಸನ್ನಿನಲ್ಲಿ ಅದೂ ಸಾಲುವುದಿಲ್ಲ.

ಮನೆ ಹುಡುಕಲು ಮೊಬೈಲ್ ಆ್ಯಪ್ ತೆರೆದು ಸುಮ್ನೆ ಟೈಮ್ ಹಾಳು ಮಾಡಬೇಡಿ. ಬೆಳಗ್ಗೆ ಒಗ್ಗರಣೆ-ಮಿರ್ಚಿ ಅಂಗಡಿಗೆ ಹೋಗಿ, ತಟ್ಟೆ ಹಿಡಿದು ನಿಂತು, "ಈ ಕಡೆ ಮನಿ ಖಾಲಿ ಅದಾವೇನ್ರಿ?" ಅಂತ ಜೋರಾಗಿ ಕೇಳಿ. ಎರಡನೇ ಮಿರ್ಚಿ ಮುಗಿಯುವಷ್ಟರಲ್ಲಿ ಮೂರು ವಿಳಾಸ ಸಿಗುತ್ತವೆ. ನಮಗೆ ಸಿಕ್ಕಿದ್ದು ಹಾಗೇ. ಆದರೆ ಮನೆ ತೋರಿಸುವಾಗ ಮಾಲೀಕರು "ನೀವು ಯಾರ ಪೈಕಿ ಅಕ್ಕಾರ?" ಅಂತ ಕೇಳುತ್ತಾರೆ. ಯಾರ ಮಗಳು ಅಂತ ಕೇಳಿದ ಹಾಗೆ ಕಾಣುತ್ತದೆ, ಕೇಳುವುದು ಜಾತಿ. ಬೆಂಗಳೂರಲ್ಲೂ "ವೆಜ್ಜಾ?" ಅಂತ ಕೇಳುತ್ತಾರಲ್ಲ, ಎರಡೂ ಒಂದೇ. ಎರಡು ಮನೆಗಳನ್ನು ನಾನು ಆ ಪ್ರಶ್ನೆಗೇ ಬಿಟ್ಟು ಬಂದೆ. ಮೂರನೆಯ ಕಡೆ ಕೇಳಿದ್ದು "ಬಂಡಿ ಎಲ್ಲಿ ನಿಲ್ಲಿಸ್ತೀರಿ?" ಅಂತ ಮಾತ್ರ. ಅದೇ ಮನೆ ಹಿಡಿದೆವು.

ನೀರಿನ ವಿಷಯ ಮಾಲೀಕರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು? ಸಂಪು ಎಷ್ಟು ದೊಡ್ಡದು ಅಂತ ಮುಚ್ಚಳ ತೆಗೆಸಿಯೇ ನೋಡಿ. ನಮ್ಮ ಜಿಲ್ಲೆಯಲ್ಲಿ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಕುಡಿಯಲು ಶುದ್ಧ ನೀರಿನ ಘಟಕದಿಂದ ನೀರು ತನ್ನಿ. ಮುನಿರಾಬಾದಿನ ತುಂಗಭದ್ರಾ ಡ್ಯಾಮು ಇಷ್ಟು ಹತ್ತಿರ ಇಟ್ಟುಕೊಂಡು ಕ್ಯಾನ್ ಹೊರುವುದು ಒಂಥರಾ ಅನಿಸುತ್ತದೆ. ಟ್ಯಾಂಕರ್‌ಗೆ ಕಾದು ಕೂತ ಬೆಂಗಳೂರಿನ ದಿನಗಳು ನೆನಪಾದರೆ ಸುಮ್ಮನಾಗುತ್ತೇನೆ.

ಕೆಲಸ ಅಲ್ಲಿನದು, ವಾಸ ಇಲ್ಲಿ ಅನ್ನುವವರು ಫ್ರಿಜ್‌ಗಿಂತ ಮೊದಲು ಇನ್ವರ್ಟರ್ ತಗೊಳ್ಳಿ. ಎರಡು ಬೇರೆ ಕಂಪನಿಯ ಇಂಟರ್‌ನೆಟ್ ಇರಲಿ. ನಾನು ಇದನ್ನು ತಡವಾಗಿ ಕಲಿತೆ. ಬಂದ ಮರುತಿಂಗಳು, 20ನೇ ತಾರೀಖು, ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿಗೆ ಕೊನೆ ದಿನ. ಮಧ್ಯಾಹ್ನ ಗಾಳಿ ಎದ್ದು ಕರೆಂಟ್ ಹೋಯಿತು. ಸಂಜೆ ಆರಾದರೂ ಇಲ್ಲ. ಐದು ಅಂಗಡಿಗಳ ರಿಟರ್ನ್ ಬಾಕಿ, ತಡವಾದರೆ ಒಂದೊಂದಕ್ಕೂ ದಿನಕ್ಕೆ 50 ರೂಪಾಯಿ ದಂಡ, ಮೇಲೆ ಬಡ್ಡಿ. ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡ್ ಕಡೆ ಓಡಿದೆ. ಅಲ್ಲೊಂದು ಝೆರಾಕ್ಸ್ ಅಂಗಡಿಯಲ್ಲಿ ಲೈಟು ಕಂಡಿತು. ಅಂಗಡಿಯ ಹುಡುಗ ಒಮ್ಮೆ ನನ್ನ ಮುಖ ನೋಡಿ, "ಮಾಸ್ತರ ಸೊಸಿ ಅಲ್ಲೇನ್ರಿ ನೀವು?" ಅಂದ. ನಮ್ಮ ಮಾವನವರು ಅವನಿಗೆ ಗಣಿತ ಹೇಳಿದ್ದರಂತೆ. ಕುರ್ಚಿ ಬಿಟ್ಟುಕೊಟ್ಟ, ಚಹಾ ತರಿಸಿದ, ದುಡ್ಡು ಮುಟ್ಟಲಿಲ್ಲ. ರಾತ್ರಿ ಹತ್ತಕ್ಕೆ ಐದೂ ಮುಗಿದವು. ಬೆಂಗಳೂರಲ್ಲಾದರೆ ಯಾವುದಾದರೂ ಕಾಫಿ ಅಂಗಡಿಯಲ್ಲಿ ಕೂತು ಬಿಲ್ ಕೊಟ್ಟು ಎದ್ದು ಬರುತ್ತಿದ್ದೆ, ಲೆಕ್ಕ ಅಲ್ಲಿಗೇ ಚುಕ್ತಾ. ಇಲ್ಲಿ ಎರಡು ವಾರ ಬಿಟ್ಟು ಆ ಹುಡುಗ ತನ್ನ ಐಟಿ ರಿಟರ್ನ್ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವನ ಅಣ್ಣಂದೂ ಜೊತೆಗಿತ್ತು.

ಮಕ್ಕಳಿದ್ದರೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಬೇಕಾದ ಕಾಗದಗಳನ್ನು ಬೇಗ ಹೊಂದಿಸಿ. 2013ರಿಂದ ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರವನ್ನು ಜನ ಈಗಲೂ 'ಹೈ.ಕ. (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್' ಅಂತಲೇ ಕರೆಯುತ್ತಾರೆ. ನಮ್ಮ ಮಗಳು ಹುಟ್ಟಿದ್ದು ಬೆಂಗಳೂರಲ್ಲಿ. ನಮ್ಮ ಹಳೆಯ ಶಾಲೆಯ ದಾಖಲೆ ಹುಡುಕಿಸಿ, ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ನಾಲ್ಕು ಸಲ ಅಲೆದು ಮಾಡಿಸಿದೆವು. ಪಿಯುಸಿ ಮುಗಿದ ಮೇಲೆ ಓಡಾಡಿದರೆ ಸೀಟು ಹಂಚುವ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ಆಸ್ಪತ್ರೆ ವಿಷಯದಲ್ಲಿ ಸುಳ್ಳು ಹೇಳಲಾರೆ. ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಜ್ವರ, ಹೆರಿಗೆ, ಕೈಕಾಲು ಮುರಿತಕ್ಕೆ ಚಿಂತೆಯಿಲ್ಲ. ಅವ್ವನ ಹೃದಯ ತೋರಿಸಲು ಮಾತ್ರ ಹುಬ್ಬಳ್ಳಿಗೇ ಹೋಗುತ್ತೇವೆ. ಹೋಗಿ ಬರಲು ಪೂರ್ತಿ ಒಂದು ದಿನ. ಮನೆಯಲ್ಲಿ ದೊಡ್ಡ ಕಾಯಿಲೆಯವರಿದ್ದರೆ ಇದೊಂದೇ ಕಾರಣಕ್ಕೆ ಬೆಂಗಳೂರಲ್ಲೇ ಉಳಿಯಿರಿ ಅನ್ನುತ್ತೇನೆ.

ಬೆಂಗಳೂರಿನ ದಾರಿ ಪೂರ್ತಿ ಮುಚ್ಚಿಕೊಳ್ಳಬೇಡಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಅಲ್ಲಿ. ನಾನು ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಗಿರಾಕಿಗಳನ್ನು ನೋಡಲು ಅಂತ ಮನೆಯಲ್ಲಿ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಮೆಟ್ರೋದಲ್ಲಿ ಯಾರೂ ಗುರುತು ಹಿಡಿಯದೆ ಒಂದು ಗಂಟೆ ಕೂರಲು. ಇಲ್ಲಿ ನಾನು ಔಷಧ ಅಂಗಡಿಯಲ್ಲಿ ತಲೆನೋವಿನ ಗುಳಿಗೆ ತಗೊಂಡರೆ, ಮನೆ ಮುಟ್ಟುವಷ್ಟರಲ್ಲಿ ಅವ್ವ ಫೋನ್ ಮಾಡಿ "ಆರಾಮಿಲ್ಲಂತಲ್ಲ?" ಅಂತ ಕೇಳುತ್ತಾಳೆ.

ಸಾಮಾನು ಇಳಿಸಿದ ದಿನ ಅಡುಗೆಗೆ ಹೊರಡಬೇಡಿ. ಪಕ್ಕದ ಮನೆಯಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದೇ ಬರುತ್ತದೆ. ಡಬ್ಬಿಯನ್ನು ಬೆಂಗಳೂರಿನ ಅಭ್ಯಾಸದಲ್ಲಿ ತೊಳೆದು, ಒರೆಸಿ, ಥ್ಯಾಂಕ್ಸ್ ಹೇಳಿ ಖಾಲಿ ಕೊಟ್ಟುಬಿಡಬೇಡಿ. ನಾನು ಹಾಗೆ ಕೊಟ್ಟಿದ್ದೆ, ಪಕ್ಕದ ಮನೆ ಕಾಕು ಡಬ್ಬಿ ಅಲ್ಲಾಡಿಸಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಿ.