ಮಗುವಿನ ಉತ್ತರಕ್ಕೆ ತಕ್ಕಂತೆ ದಾರಿ ಬದಲಿಸುವ ಕಥೆಪುಸ್ತಕವನ್ನು ಸಿದ್ಧಪಡಿಸುವ ಬಗೆ

ಓದುವ ಮಗು ಕೊಟ್ಟ ಉತ್ತರವನ್ನು ನೋಡಿ ಮುಂದಿನ ಪುಟ ಬದಲಾಗುವಂತಹ ಕಥೆಪುಸ್ತಕವನ್ನು ಶಿಕ್ಷಕರು ತಾವೇ ರೂಪಿಸಬಹುದು. ಒಂದು ಪುಸ್ತಕಕ್ಕೆ ಒಂದೇ ಕಲಿಕಾಂಶ ಸಾಕು. ದಶಕ ಸಹಿತ ವ್ಯವಕಲನವನ್ನೇ, ಅಂದರೆ ಬಿಡಿ ಸಾಲದಿದ್ದಾಗ ಒಂದು ಹತ್ತನ್ನು ಬಿಡಿಸಿಕೊಂಡು ಕಳೆಯುವುದನ್ನೇ ತೆಗೆದುಕೊಳ್ಳೋಣ. ಕೊಪ್ಪಳದ ಗವಿಮಠದ ಜಾತ್ರೆಗೆ ಕಿನ್ನಾಳದ ಅಜ್ಜನೊಬ್ಬ 52 ಗಿಳಿಗೊಂಬೆಗಳನ್ನು ತಂದಿದ್ದಾನೆ; 27 ಮಾರಾಟವಾದರೆ ಉಳಿಯುವುದೆಷ್ಟು ಎಂದು ಮೊಮ್ಮಗಳು ಹೇಳಬೇಕು.

ಉತ್ತರದ ಆಯ್ಕೆಗಳನ್ನು ಮನಬಂದಂತೆ ಕೊಡಬಾರದು, ಏಕೆಂದರೆ ಪ್ರತಿ ತಪ್ಪು ಉತ್ತರವೂ ಮಗು ಯೋಚಿಸಿದ ರೀತಿಯನ್ನು ತೋರಿಸಬೇಕು. 79 ಎಂದವಳು ಕೂಡಿಸಿದ್ದಾಳೆ. 35 ಎಂದವಳು ಬಿಡಿ ಸ್ಥಾನದಲ್ಲಿ 7ರಿಂದ 2ನ್ನು ಕಳೆದಿದ್ದಾಳೆ, ಅಂದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ರೂಢಿಗೆ ಬಿದ್ದಿದ್ದಾಳೆ. ಅವಳಿಗೆ ‘ತಪ್ಪು’ ಎಂದು ಹೇಳದೆ ಕಥೆಯನ್ನೇ ಮುಂದುವರಿಸಿ: ಹತ್ತತ್ತು ಗೊಂಬೆಗಳ ಐದು ಡಬ್ಬಿ, ಜೊತೆಗೆ ಬಿಡಿಯಾಗಿ ಎರಡು ಗೊಂಬೆ, ಗಿರಾಕಿಗೆ ಏಳು ಬೇಕು. “ಎರಡರಾಗ ಏಳು ಹೆಂಗ ಕೊಡ್ತೀ ಯವ್ವಾ? ಒಂದು ಡಬ್ಬಿ ತೆಗಿ” ಎನ್ನುತ್ತಾನೆ ಅಜ್ಜ. ಡಬ್ಬಿಯ ಮುಚ್ಚಳ ತೆಗೆದಾಗ ಬಿಡಿ ಗೊಂಬೆಗಳು ಹನ್ನೆರಡಾಗುವುದನ್ನು ಚಿತ್ರದಲ್ಲಿ ತೋರಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಇಡೀ ಪುಸ್ತಕದಲ್ಲಿ ಹೆಚ್ಚು ಶ್ರಮ ಬೇಡುವ ಪುಟ ಇದೇ.

ಕವಲುಗಳು ಬೇಗ ಮತ್ತೆ ಸೇರಬೇಕು. ಐದು ಪ್ರಶ್ನೆಗಳಿಗೆ ಮೂರು ಮೂರು ದಾರಿಗಳನ್ನು ತೆರೆದು ಹಾಗೆಯೇ ಬಿಟ್ಟರೆ 243 ಕೊನೆಗಳನ್ನು ಬರೆಯಬೇಕಾಗುತ್ತದೆ. ಪ್ರತಿ ಬಾರಿಯೂ ಮುಂದಿನ ಪ್ರಶ್ನೆಯಲ್ಲಿ ಕೂಡಿಸಿದರೆ ಸುಮಾರು ಇಪ್ಪತ್ತು ಪುಟಗಳಲ್ಲಿ ಕಥೆ ಮುಗಿಯುತ್ತದೆ.

ಇದನ್ನು ಜೋಡಿಸಲು ಟ್ವೈನ್ ಎಂಬ ಉಚಿತ ತಂತ್ರಾಂಶವಿದೆ. ಅದು ಕನ್ನಡ ಲಿಪಿಯನ್ನು ಒಪ್ಪುತ್ತದೆ, ಸಿದ್ಧವಾದ ಕಥೆಯು ಒಂದೇ ಕಡತವಾಗಿ ಬ್ರೌಸರಿನಲ್ಲಿ ತೆರೆದುಕೊಳ್ಳುವುದರಿಂದ ನೆಟ್‌ವರ್ಕ್ ಸಿಗದ ಹಳ್ಳಿಯ ಶಾಲೆಯಲ್ಲೂ ಓದಬಹುದು. ಮಗು ಎಷ್ಟು ಬಾರಿ ಡಬ್ಬಿಯ ಪುಟಕ್ಕೆ ಹೋಯಿತೆಂಬುದನ್ನು ಅದರಲ್ಲಿ ದಾಖಲಿಸಿಡಬಹುದು: ಎರಡು ಬಾರಿ ಹೋಗಿದ್ದರೆ ಮುಂದೆ 48ರಿಂದ 23ನ್ನು ಕಳೆಯುವ ಸುಲಭದ ಲೆಕ್ಕ, ಒಮ್ಮೆಯೂ ಹೋಗದಿದ್ದರೆ 203ರಿಂದ 58ನ್ನು ಕಳೆಯುವ ಲೆಕ್ಕ ಬರಲಿ. ಚಿತ್ರಗಳಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣವನ್ನು ನೋಡಬಹುದು. ಕಲಾವಿದರ ಹೆಸರನ್ನು ನಮೂದಿಸಲೇಬೇಕು.

ಮಕ್ಕಳ ಕೈಗೆ ಕೊಡುವ ಮುನ್ನ ಆಯ್ಕೆಗಳನ್ನು ಮುಚ್ಚಿಟ್ಟು ಕೆಲವು ಮಕ್ಕಳಿಗೆ ಕಥೆಯನ್ನು ಗಟ್ಟಿಯಾಗಿ ಓದಿ ಹೇಳಿ, ಅವರು ಕೊಡುವ ಉತ್ತರಗಳನ್ನು ಬರೆದುಕೊಳ್ಳಿ. ನಿಮಗೆ ಹೊಳೆಯದಿದ್ದ ಉತ್ತರವೊಂದು ಮತ್ತೆ ಮತ್ತೆ ಬಂದರೆ ಅದಕ್ಕೂ ಒಂದು ಪುಟ ಬರೆಯಿರಿ.