ಕನ್ನಡದಲ್ಲಿ ಆಡುವ ಆಟ, ನಮ್ಮ ಸ್ವರದ ಸಂಗೀತ: ನಾನು ನೆಚ್ಚಿಕೊಂಡ ಜಾಲತಾಣಗಳು

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ವಸ್ತುವಾಗಿಟ್ಟುಕೊಂಡು ಒಂದು ಪುಟ್ಟ ಕಂಪ್ಯೂಟರ್ ಆಟ ಕಟ್ಟಲು ಕುಳಿತಾಗ ನನಗೆ ಎರಡು ಹಟಗಳಿದ್ದವು. ಪರದೆಯ ಮೇಲೆ ಕನ್ನಡದ ಒಂದು ಒತ್ತಕ್ಷರವೂ ಒಡೆಯಬಾರದು. ಹಿನ್ನೆಲೆಯ ಸಂಗೀತ ಈ ಊರಿನದ್ದೇ ಆಗಿರಬೇಕು. ಕಲಿಸುವ ವಿಡಿಯೊಗಳಿಗೂ ಉಚಿತ ತಂತ್ರಾಂಶಗಳಿಗೂ ಈಗ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ರೋಮನ್ ಲಿಪಿಯನ್ನು, ಪಿಯಾನೊದ ಹನ್ನೆರಡು ಮನೆಗಳನ್ನು, ನಾಲ್ಕರ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮ ಅಕ್ಷರಕ್ಕೂ ಸ್ವರಕ್ಕೂ ತಾಳಕ್ಕೂ ಜಾಗ ಕೊಡುವ ಸಾಧನಗಳು ಯಾವುವು ಎಂದು ಹುಡುಕುತ್ತಾ ಹೋದೆ. ಕೊನೆಗೆ ಕೈಯಲ್ಲಿ ಉಳಿದವುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಆಟ ಕಟ್ಟಲು ನಾನು ಆರಿಸಿಕೊಂಡದ್ದು ಗೊಡೋ ಎಂಜಿನ್. ಅರ್ಜೆಂಟೀನಾದಲ್ಲಿ ಹುಟ್ಟಿದ ಈ ಎಂಜಿನ್‌ನ ಮೂಲ ಸಂಕೇತ 2014ರಿಂದ ಎಲ್ಲರಿಗೂ ಮುಕ್ತವಾಗಿದೆ. ಎಂಐಟಿ ಪರವಾನಗಿ ಇರುವುದರಿಂದ ಆಟ ಮಾರಿದರೂ ಯಾರಿಗೂ ಪಾಲು ಕೊಡಬೇಕಾಗಿಲ್ಲ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಜಿಡಿಕ್ವೆಸ್ಟ್ ತಂಡದ ಉಚಿತ ಪಾಠಮಾಲೆಯಿಂದ ಶುರು ಮಾಡಬಹುದು. ಬ್ರೌಸರ್‌ನಲ್ಲಿಯೇ ಗೊಡೋದ ಪ್ರೋಗ್ರಾಮಿಂಗ್ ಭಾಷೆಯಾದ ಜಿಡಿಸ್ಕ್ರಿಪ್ಟ್ ಬರೆದು, ಬರೆದದ್ದು ಏನು ಮಾಡಿತು ಎಂದು ಕೂಡಲೇ ನೋಡಬಹುದು. ಅದಾದ ಮೇಲೆ ಗೊಡೋದ ಅಧಿಕೃತ ಕೈಪಿಡಿಯಲ್ಲಿ ಮೊದಲ ಎರಡು ಆಯಾಮದ ಆಟ ಕಟ್ಟುವ ಪಾಠವಿದೆ. ಅದನ್ನು ಅಕ್ಷರಶಃ ಮಾಡಿ ಮುಗಿಸಿ, ಬೇರೆ ವಿಡಿಯೊಗಳಿಗೆ ಆಮೇಲೆ ಹೋಗಿ. ಬೇರೆ ಬೇರೆ ಆವೃತ್ತಿಗಳಿಗೆ ಮಾಡಿದ ವಿಡಿಯೊಗಳ ನಡುವೆ ಹೊಸಬರು ದಾರಿ ತಪ್ಪುವುದನ್ನು ಬಹಳ ನೋಡಿದ್ದೇನೆ. ಕೈಪಿಡಿಯಲ್ಲಾದರೆ ಆವೃತ್ತಿಯನ್ನು ಆರಿಸಿಕೊಂಡೇ ಓದಬಹುದು.

ಕನ್ನಡದವರಿಗೆ ಆವೃತ್ತಿಯ ವಿಷಯ ಬಹಳ ಮುಖ್ಯ. ಗೊಡೋ 3ರಲ್ಲಿ ‘ಲಕ್ಷ್ಮಿ’ ಎಂದು ಬರೆದರೆ ಒತ್ತುಗಳು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಬಂದ ನಾಲ್ಕನೇ ಆವೃತ್ತಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಒಳಗೆ ಸೇರಿಸಿಕೊಂಡಿತು. ಅಕ್ಷರಗಳು ಸೇರಿ ಒತ್ತು, ಗುಣಿತಗಳ ರೂಪ ತಾಳುವ ಕೆಲಸವನ್ನು ಮಾಡುವುದು ಅದೇ. ಆ ಆವೃತ್ತಿಯಲ್ಲಿ ಪರಿಷೆಯ ವ್ಯಾಪಾರಿಯ ಮಾತು ಪರದೆಯ ಮೇಲೆ ನೆಟ್ಟಗೆ ಮೂಡಿದಾಗ ಆದ ಸಂತೋಷವನ್ನು, ಚಿತ್ರದಂತೆ ಅಂಟಿಸಿದ ಕನ್ನಡದ ಜೊತೆ ಏಗಿದವರು ಬಲ್ಲರು. ಇನ್ನೊಂದು ಸೂಕ್ಷ್ಮವಿದೆ. ಪಾತ್ರಗಳ ಮಾತು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದರೆ ಮೊದಲು ‘ಕ’ ಕಾಣಿಸಿ, ಅದು ‘ಕ್’ ಆಗಿ, ಆಮೇಲೆ ‘ಕ್ಷ’ ಆಗಿ ಕಣ್ಣೆದುರೇ ರೂಪ ಬದಲಿಸುತ್ತದೆ. ಇದನ್ನು ತಪ್ಪಿಸಲು, ಪರದೆಯ ಮೇಲೆ ಪಠ್ಯ ತೋರಿಸುವ ಲೇಬಲ್‌ನ ಗುಣಗಳಲ್ಲಿ ಒಂದು ಆಯ್ಕೆ ಇದೆ: ಅಕ್ಷರರೂಪ ಪೂರ್ತಿ ಸಿದ್ಧವಾದ ಮೇಲೆ ಮಾತ್ರ ತೋರಿಸು ಎಂದು ಹೇಳುವುದು. ಕೈಪಿಡಿಯ ಒಂದು ಮೂಲೆಯಲ್ಲಿ ಅಡಗಿರುವ ಈ ಸಾಲನ್ನು ಕನ್ನಡದಲ್ಲಿ ಆಟ ಕಟ್ಟುವ ಎಲ್ಲರಿಗೂ ತೋರಿಸುತ್ತಿರುತ್ತೇನೆ.

ಫಾಂಟ್‌ಗಳಿಗೆ ಗೂಗಲ್ ಫಾಂಟ್ಸ್ ಸಾಕು. ಓದುವ ಪಠ್ಯಕ್ಕೆ ನೋಟೊ ಸ್ಯಾನ್ಸ್ ಕನ್ನಡವನ್ನೂ ದೊಡ್ಡ ಶೀರ್ಷಿಕೆಗಳಿಗೆ ದುಂಡುಮೈಯ ಬಾಲೂ ತಮ್ಮವನ್ನೂ ಬಳಸಿದೆ. ಎರಡೂ ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ಆಟದೊಳಗೆ ಸೇರಿಸಿ ಹಂಚಬಹುದು.

ಇನ್ನು ಸಂಗೀತ. ಸಂಗೀತ ಜೋಡಿಸುವುದು ಎಂದರೇನು ಎಂದೇ ತಿಳಿಯದವರಿಗೆ ಏಬಲ್‌ಟನ್ ಕಂಪನಿಯ ಉಚಿತ ಕಲಿಕಾ ತಾಣ ಚೆನ್ನಾಗಿದೆ. ಚೌಕಗಳನ್ನು ಒತ್ತುತ್ತಾ ಲಯ, ಮಂದ್ರದ ಸಾಲು, ರಾಗದ ಎಳೆ ಒಂದರ ಮೇಲೊಂದು ಹೇಗೆ ಕೂರುತ್ತವೆ ಎಂದು ತಿಳಿಯುತ್ತದೆ. ಆದರೆ ಅಲ್ಲಿಯೇ ಬಹಳ ಕಾಲ ನಿಲ್ಲಬೇಕಾಗಿಲ್ಲ. ಸಂಗೀತ ಜೋಡಿಸುವ ಉಚಿತ ತಂತ್ರಾಂಶವಾದ ಎಲ್‌ಎಂಎಂಎಸ್ ಕೂಡ ಒಳ್ಳೆಯದೇ, ಆದರೆ ಅದರಲ್ಲಿ ಮೈಕ್‌ನಿಂದ ನೇರವಾಗಿ ಧ್ವನಿಮುದ್ರಣ ಮಾಡಲು ಆಗುವುದಿಲ್ಲ. ನನಗೆ ನಿಜವಾದ ವೀಣೆ ಬೇಕಾಗಿದ್ದುದರಿಂದ, ಧ್ವನಿಮುದ್ರಣವನ್ನೂ ಮಾಡುವ ರೀಪರ್ ಎಂಬ ತಂತ್ರಾಂಶ ಹಿಡಿದೆ. ಅದನ್ನು 60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ನಮ್ಮಂಥ ಸಣ್ಣವರಿಗೆ ಪರವಾನಗಿಯ ಬೆಲೆ 60 ಡಾಲರ್. ರೀಪರ್‌ನ ತಾಣದಲ್ಲಿಯೇ ಇರುವ ವಿಡಿಯೊ ಪಾಠಗಳು ಚಿಕ್ಕವು, ಒಂದೊಂದು ಪಾಠಕ್ಕೆ ಒಂದೊಂದೇ ವಿಷಯ. ರೀಪರ್‌ನಲ್ಲಿ ಎಣಿಕೆಯನ್ನು ಎಂಟಕ್ಕೋ ಏಳಕ್ಕೋ ಬದಲಿಸಿದರೆ ಪರದೆಯ ಗೆರೆಗಳೂ ಹಾಗೆಯೇ ಹೊಂದಿಕೊಳ್ಳುತ್ತವೆ. ಮಿಶ್ರಛಾಪುವಿನಲ್ಲಿ ಮೂರು, ನಾಲ್ಕು ಎಂದು ಎಣಿಸುವವನಿಗೆ ಇದು ದೊಡ್ಡ ಅನುಕೂಲ.

ಆಟದ ಸಂಗೀತಕ್ಕೆ ತಾಳದ ಲೆಕ್ಕ ಬಹಳ ಸಹಾಯ ಮಾಡುತ್ತದೆ. ನಿಮಿಷಕ್ಕೆ 80 ಎಣಿಕೆಯ ವೇಗದಲ್ಲಿ ಎಂಟೆಣಿಕೆಯ ಆದಿತಾಳದ ಒಂದು ಆವರ್ತನ ಸರಿಯಾಗಿ 6 ಸೆಕೆಂಡು. ಎಂಟು ಆವರ್ತನ ಮಾಡಿದರೆ ಮತ್ತೆ ಮತ್ತೆ ಸುತ್ತಿ ನುಡಿಯುವ 48 ಸೆಕೆಂಡಿನ ತುಣುಕು, ಅಂದರೆ ಲೂಪ್, ಸಿದ್ಧ. ಆಡುವವನು ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಂತರೂ ಸಂಗೀತ ಸಮಕ್ಕೆ ಬಂದು ಮತ್ತೆ ಎತ್ತಿಕೊಳ್ಳುತ್ತದೆ. ನಮ್ಮ ಪದ್ಧತಿ ಆವರ್ತನಗಳಲ್ಲಿಯೇ ಯೋಚಿಸುವುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂದು ನಾನು ನಂಬಿದ್ದೇನೆ. ಆ ಲೂಪ್ ಅನ್ನು ಎಂಪಿ3 ಆಗಿ ಉಳಿಸಬೇಡಿ. ಎಂಪಿ3 ಮಾಡುವಾಗ ಕಡತದ ಆರಂಭಕ್ಕೂ ಕೊನೆಗೂ ಕಿರು ಮೌನ ಸೇರಿಕೊಳ್ಳುತ್ತದೆ, ಪ್ರತಿ ಸುತ್ತಿನಲ್ಲಿಯೂ ತಾಳ ಎಡವುತ್ತದೆ. ಆಗ್ ವೋರ್ಬಿಸ್ ಎಂಬ ಇನ್ನೊಂದು ಕಡತರೂಪದಲ್ಲಿ ಈ ತೊಂದರೆ ಇಲ್ಲ.

ಸ್ವರಗಳ ವಿಷಯದಲ್ಲಿ ನನ್ನ ಹಟ ಇನ್ನೂ ಹೆಚ್ಚು. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ದೂರದಲ್ಲಿದೆ (ಕೀಬೋರ್ಡಿನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ತಂಬೂರಿಯ ಶ್ರುತಿಗೆ ಕಲೆಯುವ 5:4 ಪ್ರಮಾಣದ ಗಾಂಧಾರ ಇರುವುದು ಸುಮಾರು 386ರಲ್ಲಿ. ಮೋಹನ ರಾಗದ ಉದ್ದನೆಯ ಗಾಂಧಾರವನ್ನು ತಂಬೂರಿಯ ಮೇಲೆ ನಿಲ್ಲಿಸಿದರೆ ಈ 14 ಸೆಂಟ್ ಕಿವಿಗೆ ಚುಚ್ಚುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಸರ್ಜ್ ಎಕ್ಸ್‌ಟಿ ಎಂಬ, ಕಂಪ್ಯೂಟರಿನಲ್ಲಿಯೇ ಸ್ವರ ಹುಟ್ಟಿಸುವ ಉಚಿತ, ಮುಕ್ತ ಸಿಂತಸೈಜರ್‌ನಲ್ಲಿ. ಸ್ಕಾಲಾ ಎಂಬ ಪಠ್ಯಕಡತದ ರೂಪದಲ್ಲಿ ನಮ್ಮ ಸ್ವರಸ್ಥಾನಗಳನ್ನು ಬರೆದು ಅದರ ಕಿಟಕಿಯ ಮೇಲೆ ಎಳೆದು ಬಿಟ್ಟರೆ ಸಾಕು, ವಾದ್ಯ ಹಾಗೆಯೇ ನುಡಿಯುತ್ತದೆ. ಸ್ಕಾಲಾ ಭಂಡಾರದಲ್ಲಿ ಜಗತ್ತಿನ ನಾನಾ ಶ್ರುತಿಕ್ರಮಗಳ ಸಾವಿರಾರು ಕಡತಗಳು ಸಿದ್ಧವಾಗಿವೆ, ಆದರೆ ಸ್ವತಃ ಬರೆದರೆ ಕಲಿಯುವುದು ಹೆಚ್ಚು.

ಸ್ವರಸ್ಥಾನ ಕೂಡಿದ ಮಾತ್ರಕ್ಕೆ ರಾಗ ಆಗುವುದಿಲ್ಲವಲ್ಲ. ಪರಿಷೆಯ ನಸುಕಿನಲ್ಲಿ ಮೂಟೆಗಳು ಇಳಿಯುವ ದೃಶ್ಯಕ್ಕೆ ತೋಡಿಯ ನಾಲ್ಕು ಸಾಲು ಮಾಡಿ, ಚಾಮರಾಜಪೇಟೆಯಲ್ಲಿರುವ ವೈಣಿಕರಾದ ಚಿಕ್ಕಮ್ಮನಿಗೆ ಕೇಳಿಸಿದೆ. ‘ಸ್ವರಗಳೆಲ್ಲ ಸರಿಯಾಗಿವೆ ಕಣೋ, ಆದರೆ ಗಾಂಧಾರ ಅಲ್ಲಾಡದೆ ನಿಂತಿದೆ. ಅದು ತೂಗದಿದ್ದರೆ ತೋಡಿ ಎಲ್ಲಿಂದ ಬರಬೇಕು?’ ಎಂದರು. ‘ಹಾಗಾದರೆ ನೀವೇ ನುಡಿಸಿಕೊಡಿ ಚಿಕ್ಕಮ್ಮ’ ಎಂದೆ. ನುಡಿಸಿಕೊಟ್ಟರು. ಫ್ಯಾನ್ ಆರಿಸಿ, ಕಟ್ಟಡದ ನೀರಿನ ಮೋಟಾರ್ ನಿಲ್ಲುವುದನ್ನು ಕಾದು, ರಸ್ತೆಯ ಸದ್ದು ಇಳಿದ ಮೇಲೆ ರಾತ್ರಿ ಧ್ವನಿಮುದ್ರಿಸಿಕೊಂಡೆ. ನುಡಿಸುವ ಮೊದಲು ಕೋಣೆಯ ಬರಿಯ ಮೌನವನ್ನೂ ಕೆಲವು ಸೆಕೆಂಡು ದಾಖಲಿಸಿಕೊಳ್ಳಿ. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿ ಆ ಮೌನವನ್ನು ಮಾದರಿಯಾಗಿಟ್ಟುಕೊಂಡೇ ಉಳಿದ ಗುಂಯ್ ಸದ್ದನ್ನು ಕಳೆಯುತ್ತದೆ. ಹೆಚ್ಚು ಕಳೆಯಲು ಹೋದರೆ ತಂತಿಯ ನಾದವೇ ತಗಡಿನಂತಾಗುತ್ತದೆ, ಆದ್ದರಿಂದ ಸ್ವಲ್ಪವೇ ಸಾಕು.

ಆ ಮುದ್ರಣವನ್ನು ಸಾನಿಕ್ ವಿಶುವಲೈಸರ್‌ನಲ್ಲಿ ತೆರೆದದ್ದು ನನ್ನ ಪಾಲಿಗೆ ಒಂದು ಪಾಠಶಾಲೆಯೇ ಆಯಿತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಮಾಡಿದ ಈ ಉಚಿತ ತಂತ್ರಾಂಶಕ್ಕೆ ಸ್ವರದ ಜಾಡು ಹಿಡಿಯುವ ಪ್ಲಗಿನ್ ಸೇರಿಸಿದರೆ ಗಮಕದ ಏರಿಳಿತ ಗೆರೆಯಾಗಿ ಕಾಣುತ್ತದೆ. ನಿಧಾನಗೊಳಿಸಿ ಕೇಳುತ್ತಾ ಆ ಗೆರೆಯನ್ನು ನೋಡಿದರೆ, ಚಿಕ್ಕಮ್ಮ ‘ತೂಗುವುದು’ ಎಂದದ್ದರ ಆಳ, ವೇಗ, ತಂಗುವ ಜಾಗ ಎಲ್ಲವೂ ಕಣ್ಣಿಗೆ ಸಿಗುತ್ತವೆ. ಅದನ್ನು ನೋಡಿಕೊಂಡೇ ಸಿಂತಸೈಜರ್‌ನ ಸ್ವರ ಬಾಗಿಸುವ ವ್ಯಾಪ್ತಿಯನ್ನು ಹೆಚ್ಚಿಸಿ, ರೀಪರ್‌ನಲ್ಲಿ ಕೈಯಾರೆ ಗೆರೆ ಎಳೆದೆ. ಚಿಕ್ಕಪುಟ್ಟ ಸಂಚಾರಗಳಿಗೆ ಅದು ಸಾಕು. ತೋಡಿಗೆ ಮಾತ್ರ ವೀಣೆಯನ್ನೇ ಉಳಿಸಿಕೊಂಡೆ.

ರಾಗಗಳನ್ನು ಆಳವಾಗಿ ನೋಡಬಯಸುವವರಿಗೆ ದುನಿಯಾ ಎಂಬ ಸಂಶೋಧನಾ ತಾಣವಿದೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ತಂಡ ಕರ್ನಾಟಕ, ಹಿಂದೂಸ್ತಾನಿ ಮೊದಲಾದ ಪದ್ಧತಿಗಳನ್ನು ಅಧ್ಯಯನ ಮಾಡುತ್ತಾ ಕಟ್ಟಿದ ತಾಣ ಅದು. ಅದೇ ತಂಡ 2005ರಲ್ಲಿ ಶುರು ಮಾಡಿದ ಇನ್ನೊಂದು ತಾಣ ಫ್ರೀಸೌಂಡ್. ಆಟಕ್ಕೆ ಬೇಕಾದ ಬಾಗಿಲ ಕಿರುಗುಟ್ಟುವಿಕೆ, ಮಳೆ, ಹೆಜ್ಜೆ ಸಪ್ಪಳ ಎಲ್ಲವೂ ಅಲ್ಲಿ ಸಿಗುತ್ತವೆ. ಆದರೆ ಸದ್ದು ಕೇಳುವ ಮೊದಲೇ ಪರವಾನಗಿ ನೋಡಿ. ಸಿಸಿ0 ಎಂದಿದ್ದರೆ ಹೇಗೆ ಬೇಕಾದರೂ ಬಳಸಬಹುದು. ಬಿವೈ ಎಂದಿದ್ದರೆ ಮಾಡಿದವರ ಹೆಸರು ಹಾಕಬೇಕು. ಎನ್‌ಸಿ ಎಂದಿದ್ದರೆ ವಾಣಿಜ್ಯ ಬಳಕೆಗೆ ಸಲ್ಲದು. ಆಡುವವರು ಇಷ್ಟ ಬಂದಷ್ಟು ಕೊಡಲಿ ಎನ್ನುವ ಆಟವಾದರೂ ಎನ್‌ಸಿ ಸದ್ದುಗಳನ್ನು ನಾನು ಮುಟ್ಟುವುದಿಲ್ಲ. ನಾವು ಇಳಿಸಿಕೊಂಡ ಸದ್ದುಗಳಿಗೆ ಯಾರಿಗೆ ಕೃತಜ್ಞತೆ ಹೇಳಬೇಕು ಎಂಬ ಪಟ್ಟಿಯನ್ನು ತಾಣವೇ ಮಾಡಿಕೊಡುತ್ತದೆ.

ಪರಿಷೆಯ ಗದ್ದಲವನ್ನು ಮಾತ್ರ ಎಲ್ಲಿಂದಲೋ ತರುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾರ್ತಿಕದ ಕಡೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ನಿಂತು ಮೊಬೈಲ್‌ನಲ್ಲಿಯೇ ದಾಖಲಿಸಿಕೊಂಡೆ: ಸೇರಿನಲ್ಲಿ ಕಾಯಿ ಅಳೆಯುವ ಸದ್ದು, ಪೀಪಿ, ದೇವಸ್ಥಾನದ ಗಂಟೆ, ರಾಶಿಯ ಮೇಲೆ ಮೊರದಿಂದ ಸುರಿಯುವ ಕಾಯಿಗಳ ಸರಸರ. ಗಾಳಿಯ ಹೊಡೆತ ತಡೆಯಲು ಮೈಕ್ ರಂಧ್ರದ ಮೇಲೆ ತೆಳುವಾದ ಸ್ಪಂಜು ಕಟ್ಟಿದ್ದೆ. ವ್ಯಕ್ತಿಗಳ ಮಾತು ಗುರುತು ಸಿಗುವಂತೆ ಇದ್ದ ತುಣುಕುಗಳನ್ನು ಬಿಟ್ಟು, ಉಳಿದವನ್ನು ಸಿಸಿ0 ಅಡಿಯಲ್ಲಿ ಫ್ರೀಸೌಂಡ್‌ಗೆ ಏರಿಸಿದೆ. ಅಷ್ಟೊಂದು ಪಡೆದ ಜಾಗಕ್ಕೆ ಸ್ವಲ್ಪವಾದರೂ ಕೊಡಬೇಕು. ಅದಲ್ಲದೆ ಬೆಂಗಳೂರಿನ ಸದ್ದು ಬೇಕೆಂದು ಹುಡುಕುವವರಿಗೆ ಬರಿಯ ಹಾರ್ನ್ ಸಿಗುವಂತಾಗಬಾರದು.

ಕಾಯಿ ಹೆಕ್ಕಿದಾಗ ಬರುವ ‘ಟಿಣ್’, ಎಗರಿದಾಗಿನ ‘ಪುಯ್’ ಇಂಥವಕ್ಕೆ ಎಸ್‌ಎಫ್‌ಎಕ್ಸ್‌ಆರ್ ಸಾಕು. 2007ರಲ್ಲಿ ಲುಡಮ್ ಡೇರ್ ಎಂಬ ಆಟ ಕಟ್ಟುವ ಸ್ಪರ್ಧೆಗೆಂದು ಒಬ್ಬರು ಬರೆದ ಸಾಧನ ಅದು, ಅದರ ಬ್ರೌಸರ್ ರೂಪಗಳೂ ಇವೆ. ಗುಂಡಿ ಒತ್ತಿದಷ್ಟು ಸಲ ಹೊಸ ಸದ್ದು. ಚಿತ್ರಗಳಿಗೆ ಕೆನ್ನಿ ತಾಣ ನೋಡಿ. ಅಲ್ಲಿನ ಚಿತ್ರಗಳು, ಸದ್ದುಗಳು ಸಿಸಿ0 ಆಗಿವೆ.

ಕೃತಿಸ್ವಾಮ್ಯದ ಬಗ್ಗೆ ಸಂಗೀತ ಕಲಿತವರಲ್ಲಿಯೂ ಗೊಂದಲವಿದೆ. ಪುರಂದರದಾಸರ, ತ್ಯಾಗರಾಜರ ರಚನೆಗಳು ಯಾರ ಸೊತ್ತೂ ಅಲ್ಲ, ನೀವೇ ಹಾಡಿ ಆಟಕ್ಕೆ ಹಾಕಿಕೊಳ್ಳಬಹುದು. ಆದರೆ ಬೇರೊಬ್ಬರು ಹಾಡಿದ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿದೆ. ನಮ್ಮ ಕಾಯ್ದೆಯ ಪ್ರಕಾರ ಅದು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. ಯೂಟ್ಯೂಬ್‌ನಿಂದ ಇಳಿಸಿದ ಕಛೇರಿಯ ತುಣುಕನ್ನು ಸೇರಿಸಿದ ಆಟಗಳನ್ನು ನೋಡಿದಾಗ ಬೇಸರವಾಗುತ್ತದೆ. ಪಕ್ಕದ ಬೀದಿಯಲ್ಲಿ ಕೊಳಲು ಕಲಿಯುವ ಹುಡುಗನನ್ನು ಕೇಳಿದರೆ ಖುಷಿಯಿಂದ ನುಡಿಸಿಕೊಟ್ಟಾನು.

ಎಲ್ಲ ಎಳೆಗಳನ್ನೂ ಆಟದೊಳಗೆ ಕೂಡಿಸುವಾಗ ಗೊಡೋ 4.3ರಲ್ಲಿ ಬಂದ ಹೊಸ ಧ್ವನಿ ಸೌಲಭ್ಯಗಳು ಬಹಳ ಉಪಯೋಗಕ್ಕೆ ಬಂದವು. ತಂಬೂರಿ, ವೀಣೆ, ಮೃದಂಗವನ್ನು ಒಂದೇ ಉದ್ದದ ಮೂರು ಕಡತಗಳಾಗಿ ಇಟ್ಟು ಒಟ್ಟಿಗೆ ಓಡಿಸಿ, ಪ್ರತಿಯೊಂದರ ದನಿಯನ್ನು ಬೇರೆಬೇರೆಯಾಗಿ ಏರಿಸಬಹುದು, ಇಳಿಸಬಹುದು. ಪರಿಷೆಯಲ್ಲಿ ಜನ ಹೆಚ್ಚಿದಂತೆ ಮೃದಂಗ ಮೇಲೇಳುತ್ತದೆ, ಗುಡಿಯ ಒಳಗೆ ಹೋದರೆ ತಂಬೂರಿಯಷ್ಟೇ ಉಳಿಯುತ್ತದೆ.

ಆಟವನ್ನು ಹೊರಗೆ ಬಿಟ್ಟದ್ದು ಇಚ್.ಐಒ ತಾಣದಲ್ಲಿ. 2013ರಿಂದ ಇರುವ ಈ ತಾಣದಲ್ಲಿ ಬೆಲೆಯನ್ನೂ, ತಾಣಕ್ಕೆ ಹೋಗುವ ಪಾಲನ್ನೂ ಆಟ ಮಾಡಿದವರೇ ನಿರ್ಧರಿಸುತ್ತಾರೆ. ನಾವು ಬದಲಿಸದಿದ್ದರೆ ಪಾಲು ಶೇ 10. ಬ್ರೌಸರ್‌ನಲ್ಲಿಯೇ ಆಡುವಂತೆ ಏರಿಸಿದರೆ ನೆಂಟರಿಷ್ಟರಿಗೆ ಕೊಂಡಿ ಕಳಿಸುವುದು ಸುಲಭ. ಇದಕ್ಕೆ ಎರಡು ಸಿದ್ಧತೆ ಬೇಕು. ಬ್ರೌಸರ್‌ಗಳು ಬಳಕೆದಾರ ಏನನ್ನಾದರೂ ಒತ್ತುವ ತನಕ ಸದ್ದು ಹೊರಡಲು ಬಿಡುವುದಿಲ್ಲ. ಆದ್ದರಿಂದ ಮೊದಲ ಪರದೆಯಲ್ಲಿ ‘ಆಟ ಶುರು’ ಎಂಬ ಗುಂಡಿ ಇಟ್ಟು, ಸಂಗೀತವನ್ನು ಅಲ್ಲಿಂದ ಎತ್ತಿಸಿ. ಎರಡನೆಯದಾಗಿ, ವೆಬ್‌ಗೆ ಸಿದ್ಧಪಡಿಸುವಾಗ ಗೊಡೋ ತಾನಾಗಿ ಆರಿಸುವ ಧ್ವನಿ ವಿಧಾನದಲ್ಲಿ ಪ್ರತಿಧ್ವನಿಯಂಥ ಪರಿಣಾಮಗಳು ಕೆಲಸ ಮಾಡುವುದಿಲ್ಲ. ಗುಡಿಯ ಗರ್ಭಗುಡಿಯ ಮೊಳಗು ಬೇಕಿದ್ದರೆ ಅದನ್ನು ರೀಪರ್‌ನಲ್ಲಿಯೇ ಸೇರಿಸಿ ಕಡತ ಹೊರತೆಗೆಯಿರಿ.